ನೂರು ದಾಟಿದ ಕಿಟ್ಟಪ್ಪನವರ ಜೊತೆ

ಜಯನಗರದ ನಮ್ಮ ಮನೆಯಲ್ಲಿ, ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಒತ್ತಿಟ್ಟಿರುವ ಕಪ್ಪು ಗಟ್ಟಿಯೊಂದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಾವನವರು ನಿವೃತ್ತಿಯಾದಾಗ ಹಳೇ ಗುಡ್ಡೆಯಿಂದ ಎತ್ತಿಕೊಂಡು ಬಂದದ್ದು. ಕಬ್ಬಿಣ ಕರಗಿಸುವಾಗ ಮೇಲೆ ತೇಲುವ ಕಿಟ್ಟ. ಮೊನ್ನೆ ಕಸದ ಆಟೋದ ಹಾಡು ಕೇಳಿಸುತ್ತಲೇ, ಇದು ಹಸಿ ಕಸವೋ ಒಣ ಕಸವೋ ಎಂದು ಮನೆಯಲ್ಲಿ ಜಗಳ ಹತ್ತಿತು. ಕಿಟ್ಟವನ್ನೇ ಕೇಳೋಣವೆಂದು ಕೈಗೆತ್ತಿಕೊಂಡೆ.

ತಮ್ಮ ಹೆಸರು?

ಕಿಟ್ಟ. ಈ ಬೀದಿಯಲ್ಲಿ ‘ಕಿಟ್ಟಾ’ ಎಂದು ಕೂಗಿ ನೋಡಿ, ನಾಲ್ಕು ಬಾಲ್ಕನಿಯಲ್ಲಿ ನಾಲ್ಕು ತಲೆ ಇಣುಕುತ್ತವೆ. ಅವರೆಲ್ಲ ಕೃಷ್ಣಮೂರ್ತಿಗಳು. ಅಸಲಿ ನಾನೊಬ್ಬನೇ.

ವಯಸ್ಸು?

ಭದ್ರಾವತಿಯ ಕುಲುಮೆ ಹೊತ್ತಿದ್ದು 1923ರಲ್ಲಿ, ಮಲೆನಾಡಿನ ಮರದ ಇದ್ದಿಲಿನಿಂದ. ನಾನು ಚೊಚ್ಚಲ ಬಾಣಂತನದವನು.

ನೂರು ದಾಟಿದರೂ ಕಸವೇ?

ಆಯುರ್ವೇದದ ರಸಶಾಸ್ತ್ರದಲ್ಲಿ ನನ್ನ ಹೆಸರು ಮಂಡೂರ, ಗೊತ್ತೇನು? 60 ವರ್ಷದ ಕಿಟ್ಟ ಅಧಮ, 80 ಆದರೆ ಮಧ್ಯಮ, 100 ದಾಟಿದರೆ ಉತ್ತಮ. ನಿಮ್ಮಲ್ಲಿ 60ಕ್ಕೇ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಆದರೆ ಔಷಧಿಯಾಗುವ ಮುನ್ನ ಕೆಂಪಗೆ ಕಾಸಿ ಕಾಸಿ ಏಳು ಸಲ ಗೋಮೂತ್ರದಲ್ಲಿ ಅದ್ದುತ್ತಾರೆ. ಅಂಥ ಸನ್ಮಾನ ಬೇಡವೆಂದು ಬಾಗಿಲ ಬಳಿಯೇ ಕೂತಿದ್ದೇನೆ.

ಕಾರ್ಖಾನೆಗೂ ನೂರಾಯಿತಲ್ಲ?

ಆಯಿತು, 2023ರಲ್ಲಿ. ಅದೇ ಜನವರಿಯಲ್ಲಿ ಮುಚ್ಚುವ ತೀರ್ಮಾನವೂ ಬಂತು. ಮಂಡೂರದ ಲೆಕ್ಕ ಕಿಟ್ಟಕ್ಕೆ ಮಾತ್ರ ಅಂತ ಕಾಣುತ್ತೆ.

ನಿಮ್ಮೊಳಗೆ ಬೆಲೆಬಾಳುವ ಲೋಹವೇನಾದರೂ?

ಹೆಚ್ಚಿಗೆ ಸುಣ್ಣ, ಮರಳು. ಅಲ್ಲೊಂದು ಇಲ್ಲೊಂದು ಕಬ್ಬಿಣದ ಹನಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿರುವ ನನ್ನ ಮೊಮ್ಮಕ್ಕಳು ಚುರುಕು. ಬಿಸಿಯಿರುವಾಗಲೇ ನೀರಿಗೆ ಬಿದ್ದು, ಪುಡಿಯಾಗಿ, ಸಿಮೆಂಟಿಗೆ ಸೇರಿಕೊಳ್ಳುತ್ತಾರೆ. ಬಿಟಿಎಂ ಲೇಔಟಿನಲ್ಲಿ ಫ್ಲಾಟಿಗೆ ಸಾಲ ಮಾಡಿದವರು ಯಾವ ಗೋಡೆಯೊಳಗೆ ನಮ್ಮವರಿದ್ದಾರೋ ವಿಚಾರಿಸಲಿ. ಬೆಲೆಯ ಮಾತು ಬೇಕಾದರೆ ತಾಮ್ರದ ಕಿಟ್ಟನನ್ನು ಹಿಡಿಯಿರಿ. ಅವನನ್ನು ನಿಧಾನವಾಗಿ ತಣಿಸಬೇಕು. ಆಗ ಒಳಗೆ ಸಿಕ್ಕಿಬಿದ್ದ ತಾಮ್ರದ ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಆಮೇಲೆ ಅರೆದು ನೀರಲ್ಲಿ ನೊರೆ ಎಬ್ಬಿಸಿದರೆ, ಲೋಹ ನೊರೆ ಹಿಡಿದು ಮೇಲೆ ಬರುತ್ತದೆ. ಫಿಲ್ಟರ್ ಕಾಫಿ ಕುಡಿಯುವವರಿಗೆ ನೊರೆಯ ಮಹಿಮೆ ನಾನು ಹೇಳಬೇಕೆ? ಜಾಂಬಿಯಾದ ಎನ್ಕಾನಾದಲ್ಲಿ ದಶಕಗಟ್ಟಲೆ ಸುರಿದಿದ್ದ ಕಿಟ್ಟದ ಗುಡ್ಡೆಯನ್ನು ಮತ್ತೆ ವಿದ್ಯುತ್ ಕುಲುಮೆಗೆ ಹಾಕಿ ಕೋಬಾಲ್ಟ್ ತೆಗೆದರು. ಫೋನಿನ ಬ್ಯಾಟರಿಗೆ ಬೇಕಾದದ್ದು ಅದೇ. ನಿಮ್ಮ ಜೇಬಿನಲ್ಲಿ ನಮ್ಮ ನೆಂಟರು ಯಾರಾದರೂ ಇದ್ದಾರು.

ಕೆಜಿಎಫ್‌ನ ದಿಬ್ಬಗಳು ತಮಗೇನಾಗಬೇಕು?

ದೂರದ ದಾಯಾದಿಗಳು. ಕುಲುಮೆ ಕಂಡವರಲ್ಲ, ಅದಿರನ್ನು ಅರೆದು, ಸಯನೈಡಿನಲ್ಲಿ ತೊಳೆದು ಬಿಸಾಕಿದ ಮಣ್ಣು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿ ಎದ್ದಾಗಲೆಲ್ಲ ಊರವರ ಅಡುಗೆಮನೆವರೆಗೆ ಹೋಗಿ ಬರುತ್ತಿದ್ದರು. ಆಗ ಅವರ ಹೆಸರು ಧೂಳು. ಚಿನ್ನದ ರೇಟು ಏರಿತು. 2024ರ ಜೂನಿನಲ್ಲಿ 13 ದಿಬ್ಬಗಳನ್ನು, ಸುಮಾರು 3.3 ಕೋಟಿ ಟನ್ ಮಣ್ಣನ್ನು, ಮತ್ತೆ ಕೆದಕುವುದಕ್ಕೆ ರಾಜ್ಯ ಸಂಪುಟ ಒಪ್ಪಿತು. ಟನ್ನಿಗೆ ಒಂದು ಗ್ರಾಮಿನಷ್ಟೂ ಚಿನ್ನವಿಲ್ಲವೆಂಬ ಅಂದಾಜಿದ್ದರೂ ಈಗ ಅವರು ಸಂಪತ್ತು. ಊರವರ ಎದೆಗೂಡಿಗೆ ಇಳಿದುಹೋದ ಪಾಲಿಗೂ ಟೆಂಡರ್ ಕರೆಯುತ್ತಾರೋ ಏನೋ.

ಆಟೋ ಹೊರಡುತ್ತಿದೆ, ಕಿಟ್ಟಪ್ಪನವರೇ. ಹಸಿಯೋ, ಒಣವೋ?

ತಡೀರಿ, ಇವತ್ತಿನ ರೇಟು ನೋಡಿ ಹೇಳ್ತೀನಿ.

ಅಷ್ಟರಲ್ಲಿ ಬಾಗಿಲು ಢಬ್ಬೆಂದು ಬಡಿದುಕೊಂಡಿತು. “ರೀ, ಆ ಕಲ್ಲೆಲ್ಲಿ ಇಟ್ರಿ?” ಎಂದು ಒಳಗಿನಿಂದ ಕೂಗು ಬಂತು.