ಹ್ಯಾಂಗ್ ಆಗ್ಯಾದ, ಖರೆ, ಹ್ಯಾಂಗ?

ಔರಾದಿನ ಬಜಾರಿನಲ್ಲಿ ಒಂದು ಲ್ಯಾಪ್‌ಟಾಪ್ ನಿಂತುಹೋದರೆ ಆ ಸುದ್ದಿ ನಾಲ್ಕು ಭಾಷೆಗಳಲ್ಲಿ ಹೊರಡುತ್ತದೆ. ಮರಾಠಿಯವರು ‘ಹ್ಯಾಂಗ್ ಝಾಲಂ’ ಅನ್ನುತ್ತಾರೆ, ಉರ್ದುವಿನವರು ‘ಹ್ಯಾಂಗ್ ಹೋಗಯಾ’, ತೆಲುಗಿನವರು ‘ಹ್ಯಾಂಗ್ ಅಯಿಂದಿ’, ಕನ್ನಡದವರು ‘ಹ್ಯಾಂಗ್ ಆಗ್ಯಾದ’. ಉಳಿದ ಮೂವರಿಗೆ ಅದು ಬರೀ ಸಾವಿನ ಸುದ್ದಿ. ಬೀದರ ಸೀಮೆಯ ಕನ್ನಡದವರಿಗೆ ಮಾತ್ರ ಅದರಲ್ಲೇ ಒಂದು ಪ್ರಶ್ನೆಯೂ ಸೇರಿದೆ, ಯಾಕೆಂದರೆ ಇಲ್ಲಿ ‘ಹ್ಯಾಂಗ’ ಎಂದರೆ ‘ಹೇಗೆ’. ರೋಗದ ಹೆಸರಿನಲ್ಲೇ ಪರೀಕ್ಷೆಯ ವಿಧಾನ ಅಡಗಿಸಿಕೊಂಡಿರುವ ಭಾಷೆ ಜಗತ್ತಿನಲ್ಲಿ ಎಷ್ಟಿದ್ದಾವು? ಆದರೂ ನಮ್ಮ ಸಂಭಾಷಣೆ ನಡೆಯುವುದು ಹೀಗೆ: ‘ಲ್ಯಾಪ್‌ಟಾಪ್ ಹ್ಯಾಂಗ್ ಆಗ್ಯಾದ್ರಿ.’ ‘ಹ್ಯಾಂಗ?’ ‘ಹ್ಯಾಂಗ್ ಅಂದ್ರ ಹ್ಯಾಂಗೇ ರೀ!’ ಅಲ್ಲಿಗೆ ವಿಚಾರಣೆ ಮುಗಿಯಿತು, ಹೆಬ್ಬೆರಳು ಪವರ್ ಬಟನ್ ಮೇಲೆ ಕೂತಿತು. ನನ್ನ ತಕರಾರು ಆ ಹೆಬ್ಬೆರಳಿನ ಮೇಲೆ. ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ನಿಂತಾಗ ಅದು ಸಾಮಾನ್ಯವಾಗಿ ಸತ್ತಿರುವುದಿಲ್ಲ. ಅದರ ಯಾವುದೋ ಒಂದು ಅಂಗ ಮುಷ್ಕರ ಹೂಡಿರುತ್ತದೆ. ಯಾವ ಅಂಗ ಎಂದು ಕೇಳದೆ ಗಂಟಲು ಒತ್ತುವುದು ಅನ್ಯಾಯ, ಅದಕ್ಕಿಂತ ಹೆಚ್ಚಾಗಿ ದಡ್ಡತನ.

ಜ್ವರ ಎಂಬ ಒಂದೇ ಮಾತಿನ ಹೊದಿಕೆಯ ಕೆಳಗೆ ಮಲೇರಿಯಾ, ಟೈಫಾಯ್ಡ್, ನೆಗಡಿ, ಪರೀಕ್ಷೆಯ ಹೆದರಿಕೆ ಎಲ್ಲವೂ ಒಟ್ಟಿಗೆ ಮಲಗಿರುವಂತೆ ‘ಹ್ಯಾಂಗ್’ ಎಂಬ ಮಾತಿನ ಕೆಳಗೂ ಐದಾರು ಬೇರೆಬೇರೆ ಕಾಯಿಲೆಗಳಿವೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಮೆಮೊರಿಯ ಹಸಿವು. 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದು, ಅದರಲ್ಲಿ ಇಪ್ಪತ್ತು ಟ್ಯಾಬ್ ಬಿಚ್ಚಿ, ಪಕ್ಕದಲ್ಲಿ ಒಂದು ವಿಡಿಯೊ ಹಚ್ಚಿದರೆ ಏನಾಗುತ್ತದೆ ನೋಡಿ. ಲಿನಕ್ಸಿನ ತಿರುಳಾದ ಕರ್ನಲ್, ಜಾಗ ಸಾಲದೆ, ಇದ್ದುದನ್ನು ಡಿಸ್ಕಿಗೆ ಸಾಗಿಸುತ್ತದೆ. ಸಾಗಿಸಲು ಸ್ವಾಪ್ ಎಂಬ ಮೀಸಲು ಜಾಗ ಇಲ್ಲದಿದ್ದರೆ, ಡಿಸ್ಕಿನಲ್ಲಿ ಹೇಗೂ ಪ್ರತಿ ಇದೆಯಲ್ಲ ಎಂದು ಓಡುತ್ತಿರುವ ಪ್ರೋಗ್ರಾಮಿನ ಪುಟಗಳನ್ನೇ ಎತ್ತಿ ಹೊರಗೆ ಹಾಕುತ್ತದೆ. ಮರುಕ್ಷಣ ಅದೇ ಪುಟ ಬೇಕಾದಾಗ ಮತ್ತೆ ಓದಿ ತರುತ್ತದೆ. ತರಲಿಕ್ಕೆ ಜಾಗ ಬೇಕೆಂದು ಇನ್ನೊಂದನ್ನು ಹೊರಹಾಕುತ್ತದೆ. ನೂರು ಜನರ ಮದುವೆಗೆ ಒಂದೇ ಒಲೆ ಇಟ್ಟಂತೆ: ರೊಟ್ಟಿ ಹಂಚು ಇಳಿಸಿ ಬ್ಯಾಳಿ ಇಡಬೇಕು, ಬ್ಯಾಳಿ ಇಳಿಸಿ ಹಂಚು ಇಡಬೇಕು. ಅಡುಗೆಯವಳು ಬೆವರು ಸುರಿಸುತ್ತಲೇ ಇದ್ದಾಳೆ, ಒಲೆ ಉರಿಯುತ್ತಲೇ ಇದೆ, ಬೇಯುವುದು ಮಾತ್ರ ಏನೂ ಇಲ್ಲ. ಪಂಕ್ತಿಯಲ್ಲಿ ಕುಂತವರು ಇದನ್ನೇ ‘ಹ್ಯಾಂಗ್’ ಅನ್ನುತ್ತಾರೆ. ಯಂತ್ರ ಸುಮ್ಮನೆ ಕೂತಿದೆ ಎಂದು ನಾವು ಬಯ್ಯುವ ಆ ಹೊತ್ತಿನಲ್ಲೇ ಅದು ಜೀವಮಾನದಲ್ಲೇ ಹೆಚ್ಚು ದುಡಿಯುತ್ತಿರುತ್ತದೆ. ಡಿಸ್ಕಿನ ದೀಪ ಇರುವ ಲ್ಯಾಪ್‌ಟಾಪಾದರೆ ಅದು ಆರದೆ ಉರಿಯುವುದೇ ಇದಕ್ಕೆ ಸಾಕ್ಷಿ.

‘ಲಿನಕ್ಸ್ ಹ್ಯಾಂಗ್ ಆಗೋದೇ ಇಲ್ಲ, ಅದು ವಿಂಡೋಸಿನ ರೋಗ’ ಎನ್ನುವ ಭಕ್ತರು ಈ ಹಂತಕ್ಕೆ ಎದ್ದು ನಿಲ್ಲುತ್ತಾರೆ. ಭಕ್ತಿಗೆ ನನ್ನ ವಿರೋಧವಿಲ್ಲ, ಆದರೆ ದಾಖಲೆ ಬೇರೆ ಹೇಳುತ್ತದೆ. 2019ರ ಆಗಸ್ಟಿನಲ್ಲಿ ಆರ್ತೆಮ್ ತಾಶ್ಕಿನೋವ್ ಎಂಬವರು ಕರ್ನಲ್ ಕಟ್ಟುವವರ ಮುಂದೆಯೇ ಈ ದೂರು ಇಟ್ಟರು: ಯಂತ್ರಕ್ಕೆ 4 ಜಿಬಿ ಮೆಮೊರಿ ಮಾತ್ರ ಕೊಡಿ, ಸ್ವಾಪ್ ತೆಗೆಯಿರಿ, ಬ್ರೌಸರಿನಲ್ಲಿ ಟ್ಯಾಬ್ ಮೇಲೆ ಟ್ಯಾಬ್ ತೆರೆಯುತ್ತ ಹೋಗಿ, ಮೆಮೊರಿ ತೀರುವ ಹೊತ್ತಿಗೆ ಮೌಸಿನ ಬಾಣವೂ ಅಲ್ಲಾಡದ ಹಾಗೆ ಯಂತ್ರ ಕಲ್ಲಾಗುತ್ತದೆ. ಮರುವರ್ಷ ಲಿನಕ್ಸಿನ ಅವತಾರಗಳಲ್ಲೊಂದಾದ ಫೆಡೋರಾ 32 ತನ್ನ ಡೆಸ್ಕ್‌ಟಾಪಿಗೆ ‘ಅರ್ಲಿಊಮ್’ ಎಂಬ ಕಾವಲುಗಾರನನ್ನು ನೇಮಿಸಿತು. 2022ರಲ್ಲಿ ಮತ್ತೊಂದು ಅವತಾರವಾದ ಉಬುಂಟು 22.04 ಅಂಥ ಇನ್ನೊಬ್ಬನನ್ನು ತಂದಿತು. ರೋಗವೇ ಇಲ್ಲದ ಊರಿಗೆ ಇಬ್ಬಿಬ್ಬರು ವೈದ್ಯರು ಯಾಕೆ? ಇವರಿಬ್ಬರಿಗೂ ಹಿರಿಯನಾಗಿ ಕರ್ನಲಿನ ಒಳಗೇ ಒಬ್ಬ ವಧಕಾರ ಮೊದಲಿನಿಂದಲೂ ಇದ್ದಾನೆ. ಅವನ ಕೆಲಸ, ಮೆಮೊರಿ ಪೂರ್ತಿ ತೀರಿದಾಗ ಒಂದು ಪ್ರೋಗ್ರಾಮನ್ನು ಕೊಂದು ಉಳಿದವರನ್ನು ಬದುಕಿಸುವುದು. ಅವನ ದೋಷ ಎರಡು: ಬಹಳ ತಡವಾಗಿ ಬರುತ್ತಾನೆ, ಬಂದವನು ಹೆಚ್ಚು ಜಾಗ ಹಿಡಿದವನನ್ನೇ ಹುಡುಕುತ್ತಾನೆ. ಹೆಚ್ಚು ಜಾಗ ಹಿಡಿದವನು ಹೆಚ್ಚಿನ ಪಾಲು ನಾವು ಕೆಲಸ ಮಾಡುತ್ತಿದ್ದ ಬ್ರೌಸರೇ ಆಗಿರುತ್ತಾನೆ. ಕೊಂದದ್ದನ್ನು ಮಾತ್ರ ಮುಚ್ಚಿಡುವುದಿಲ್ಲ; ಯಾರನ್ನು ಕೊಂದೆ, ಅವನ ಹತ್ತಿರ ಎಷ್ಟು ಮೆಮೊರಿ ಇತ್ತು ಎಂದು ದಿನಚರಿಯಲ್ಲಿ ಬರೆದಿಟ್ಟೇ ಹೋಗುತ್ತಾನೆ.

ಬೀದರಿನವರಿಗೆ ಈ ಕಥೆ ಹೊಸದಾಗಿ ಕಾಣಬಾರದು. 1472ರಲ್ಲಿ ಊರ ನಡುವೆ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ಬಹಮನಿ ರಾಜ್ಯದ ಅತ್ಯಂತ ದೊಡ್ಡ ಪ್ರೋಗ್ರಾಮು. ಕಂದಾಯ, ಸೈನ್ಯ, ಪ್ರಾಂತ್ಯಗಳ ವಿಂಗಡಣೆ ಎಲ್ಲವೂ ಅವನ ಮೇಲೆಯೇ ಓಡುತ್ತಿತ್ತು. ವಿರೋಧಿಗಳು ಅವನ ಮುದ್ರೆ ಕಾಯುವವನನ್ನು ವಶಮಾಡಿಕೊಂಡು, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒಡಿಶಾದ ರಾಜನಿಗೆ ಬರೆದ ರಾಜದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಕುಡಿದ ಅಮಲಿನಲ್ಲಿ, ಯಾವ ವಿಚಾರಣೆಯೂ ಇಲ್ಲದೆ, 1481ರಲ್ಲಿ ವಜೀರನ ತಲೆ ತೆಗೆಸಿದ. ಆಮೇಲೆ ಪಶ್ಚಾತ್ತಾಪ ಬಂತು, ವರ್ಷ ತುಂಬುವುದರೊಳಗೆ ಸುಲ್ತಾನನೂ ಹೋದ, ರಾಜ್ಯ ಐದು ಹೋಳಾಗುವ ದಾರಿ ಹಿಡಿಯಿತು. ಪರದೆ ನಿಂತ ಕ್ಷಣ ‘ಈ ಲಿನಕ್ಸೇ ಸರಿಯಿಲ್ಲ, ತೆಗೆದುಹಾಕು’ ಎನ್ನುವವರ ತೀರ್ಪೂ ಇದೇ ಮಾದರಿಯದು. ಅವರು ಕುಡಿದಿರುವುದಿಲ್ಲ ಎಂಬುದೊಂದೇ ವ್ಯತ್ಯಾಸ, ಅದರಿಂದ ಅಪರಾಧ ಹೆಚ್ಚೇ ಆಗುತ್ತದೆ.

ವಿಚಾರಣೆ ಶುರು ಮಾಡಲು ಪದವಿ ಬೇಕಿಲ್ಲ, ಒಂದು ಬೆರಳು ಸಾಕು. ಕ್ಯಾಪ್ಸ್ ಲಾಕ್ ಒತ್ತಿ ಅದರ ಪುಟ್ಟ ದೀಪ ನೋಡಿ. ಒತ್ತಿದಾಗ ಹತ್ತಿ, ಮತ್ತೆ ಒತ್ತಿದಾಗ ಆರಿದರೆ ಒಳಗೆ ಜೀವವಿದೆ. ಮುನಿಸಿಕೊಂಡದ್ದು ಪರದೆ, ಅದನ್ನು ಬಿಡಿಸುವ ಗ್ರಾಫಿಕ್ಸ್ ಚಾಲಕ ಅಥವಾ ಯಾವುದೋ ಒಂದು ಪ್ರೋಗ್ರಾಮು ಇರಬಹುದು. ಒತ್ತದೆಯೇ ತಾನಾಗಿ ಮಿಣಮಿಣ ಎನ್ನುತ್ತಿದ್ದರೆ ಕರ್ನಲ್ ಗಾಬರಿಗೊಂಡು ಕೈಚೆಲ್ಲಿದೆ. ಏನು ಒತ್ತಿದರೂ ಕದಲದಿದ್ದರೆ ಆಗ ಚಿಂತೆ ಮಾಡಬಹುದು. ಜೀವವಿದೆ ಎಂದು ಗೊತ್ತಾದ ಮೇಲೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಕೂಡಿಸಿ ಒತ್ತಿದರೆ ಚಿತ್ರವಿಲ್ಲದ ಕಪ್ಪು ಪರದೆ ಬಂದು ಹೆಸರು ಕೇಳುತ್ತದೆ. ಒಳಹೊಕ್ಕು, ಮೆಮೊರಿ ನುಂಗುತ್ತಿರುವವನನ್ನು ಹುಡುಕಿ ಅವನೊಬ್ಬನನ್ನೇ ಹೊರಗೆ ಕಳಿಸಬಹುದು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ್ದನ್ನು ಈ ಭಾಗದ ಮಕ್ಕಳೂ ಬಲ್ಲರು. ಫಲಕ ನೋಡಿ ಶಾಲೆಯನ್ನು ತಿಳಿದೆ ಎಂದುಕೊಂಡ ಅಧಿಕಾರಿ ಮೋಸಹೋದ. ಪರದೆಯೂ ಒಂದು ಫಲಕವೇ. ಅದು ಕದಲದೆ ನಿಂತಿದ್ದಾಗಲೂ ಒಳಗೆ ಪಾಠ ನಡೆದಿರಬಹುದು. ಮೊದಲೇ ಎಸ್‌ಎಸ್‌ಎಚ್ ಸರ್ವರ್ ಹಾಕಿಟ್ಟಿದ್ದರೆ ಅದೇ ವೈಫೈನಲ್ಲಿರುವ ಮೊಬೈಲಿನಿಂದ ಹಿಂಬಾಗಿಲಲ್ಲಿ ಹೋಗಿ ನೋಡಿಯೂ ಬರಬಹುದು.

ಏನು ಮಾಡಿದರೂ ಬಗ್ಗದಿದ್ದರೆ ಕೊಲ್ಲಲೇಬೇಕು, ಒಪ್ಪಿದೆ. ಆದರೆ ಮರ್ಯಾದೆಯಿಂದ ಕೊಲ್ಲುವ ಕ್ರಮವೊಂದನ್ನು ಲಿನಕ್ಸ್ ಇಟ್ಟುಕೊಂಡಿದೆ. ಆಲ್ಟ್ ಮತ್ತು ಸಿಸ್‌ರಿಕ್ ಕೀಲಿ ಅದುಮಿ ಹಿಡಿದು, ಒಂದೊಂದರ ನಡುವೆ ತುಸು ಬಿಡುವು ಕೊಟ್ಟು, ಆರ್, ಇ, ಐ, ಎಸ್, ಯು, ಬಿ ಒತ್ತಬೇಕು. ಸಿಸ್‌ರಿಕ್ ಎಂಬುದು ಪ್ರಿಂಟ್ ಸ್ಕ್ರೀನ್ ಕೀಲಿಯ ಮನೆಯಲ್ಲೇ ಬಾಡಿಗೆಗಿರುತ್ತದೆ. ಈ ಆರು ಅಕ್ಷರ ನೆನಪಿಡಲು ಇಂಗ್ಲಿಷಿನವರು ಆನೆ ಸಾಕುವುದು ಬೇಸರದ ಕೆಲಸ ಎಂಬರ್ಥದ ವಾಕ್ಯ ಕಟ್ಟಿಕೊಂಡಿದ್ದಾರೆ. ಆನೆ ಸಾಕದ ನಮಗೆ ರೊಟ್ಟಿ, ಎಣ್ಣಿ, ಇಡ್ಲಿ, ಸಾರು, ಉಳ್ಳಾಗಡ್ಡಿ, ಬ್ಯಾಳಿ ಸಾಕು. (ರೊಟ್ಟಿಯ ಪಂಕ್ತಿಗೆ ಇಡ್ಲಿ ಯಾಕೆ ಬಂತು ಎಂದು ಕೇಳಬೇಡಿ, ‘ಐ’ಗೆ ಬೇರೆ ಗತಿ ಇಲ್ಲ.) ರೊಟ್ಟಿ ಕೀಬೋರ್ಡನ್ನು ಪರದೆಯವರಿಂದ ಕಿತ್ತು ಕರ್ನಲಿಗೆ ಕೊಡುತ್ತದೆ, ಎಣ್ಣಿ ಎಲ್ಲ ಪ್ರೋಗ್ರಾಮುಗಳಿಗೂ ‘ಏಳ್ರಿನ್ನ’ ಎನ್ನುತ್ತದೆ, ಇಡ್ಲಿ ಏಳದವರನ್ನು ಎಬ್ಬಿಸಿ ಅಟ್ಟುತ್ತದೆ, ಸಾರು ಕೈಯಲ್ಲಿದ್ದ ಬರಹವನ್ನೆಲ್ಲ ಡಿಸ್ಕಿಗೆ ಬರೆಸುತ್ತದೆ, ಉಳ್ಳಾಗಡ್ಡಿ ಇನ್ನು ಬರೆಯುವಂತಿಲ್ಲ ಎಂದು ಡಿಸ್ಕಿಗೆ ಬೀಗ ಹಾಕುತ್ತದೆ, ಬ್ಯಾಳಿ ಯಂತ್ರವನ್ನು ಹೊಸದಾಗಿ ಎಬ್ಬಿಸುತ್ತದೆ. ಉಬುಂಟುವಿನ ಅಡುಗೆಮನೆ ಸ್ವಲ್ಪ ಜಿಪುಣ. ತಾನಾಗಿ ಅದು ಬಡಿಸುವುದು ಸಾರು, ಉಳ್ಳಾಗಡ್ಡಿ, ಬ್ಯಾಳಿ ಮೂರನ್ನೇ. ಉಳಿದುದು ಬೇಕೆಂದರೆ ಮೊದಲೇ ಹೇಳಿಡಬೇಕು. ಹಸಿದವನಿಗೆ ಆ ಮೂರೂ ಸಾಕಾಗುತ್ತವೆ.

‘ಇಷ್ಟೆಲ್ಲ ಯಾಕ್ರಿ? ಬಟನ್ ಒತ್ತಿ ಹಿಡಿದರೂ ಈಗಿನ ಫೈಲ್ ವ್ಯವಸ್ಥೆಗೆ ಏನೂ ಆಗೋದಿಲ್ಲ’ ಎಂಬುದು ಸ್ವಲ್ಪ ತಿಳಿದವರ ಆಕ್ಷೇಪ. ಮುಕ್ಕಾಲು ಪಾಲು ಸರಿ. ಇಎಕ್ಸ್‌ಟಿ4 ತನ್ನ ಲೆಕ್ಕದ ಪುಸ್ತಕ ನೋಡಿಕೊಂಡು ಎದ್ದು ನಿಲ್ಲುತ್ತದೆ. ಕಳೆದುಹೋಗುವುದು ಸಾಕ್ಷಿ. ಕೊನೆಯ ಕ್ಷಣದಲ್ಲಿ ಯಂತ್ರ ಏನು ಗೊಣಗಿತು ಎಂಬುದು ಡಿಸ್ಕಿಗೆ ಇಳಿಯುವ ಮೊದಲೇ ನಾವು ಅದರ ಬಾಯಿ ಮುಚ್ಚಿರುತ್ತೇವೆ. ಸಾರು ಒತ್ತಿ ಕೊಂದರೆ, ಮರುಹುಟ್ಟಿನಲ್ಲಿ ಜರ್ನಲ್‌ಸಿಟಿಎಲ್ ಎಂಬ ಆಜ್ಞೆಗೆ ‘ಮೈನಸ್ ಬಿ ಮೈನಸ್ ಒಂದು’ ಎಂಬ ಬಾಲ ಹಚ್ಚಿ ಹಿಂದಿನ ಜನ್ಮದ ದಿನಚರಿ ಓದಬಹುದು. ಅದರ ಕೊನೆಯ ಸಾಲುಗಳು ಗ್ರಾಫಿಕ್ಸಿನ ಗೋಳೋ ಮೆಮೊರಿಯ ಗೋಳೋ ಹೇಳಿಬಿಡುತ್ತವೆ. ಗೋಳೇ ಇಲ್ಲದೆ ಮಾತು ನಡುವೆಯೇ ಕಡಿದಿದ್ದರೆ ಅದೂ ಒಂದು ಸುಳಿವು: ಯಂತ್ರಕ್ಕೆ ಅರಚಲೂ ಪುರಸೊತ್ತು ಸಿಕ್ಕಿಲ್ಲ, ಸಂಶಯ ಪ್ರೊಸೆಸರಿನ ಕಡೆ ತಿರುಗಬೇಕು. ಇಂಟೆಲ್‌ನ ಬೇ ಟ್ರೇಲ್ ಎಂಬ ಅಗ್ಗದ ಚಿಪ್ಪಿನ ಲ್ಯಾಪ್‌ಟಾಪುಗಳಲ್ಲಿ ಹೀಗೇ ಆಗುತ್ತಿತ್ತು. ವಿದ್ಯುತ್ ಉಳಿಸಲು ಗಾಢ ನಿದ್ದೆಗೆ ಜಾರಿದ ಚಿಪ್ಪು ಏಳುತ್ತಲೇ ಇರಲಿಲ್ಲ. 2015ರಲ್ಲಿ ದಾಖಲಾದ ಆ ದೂರಿಗೆ ಜನ ಕಂಡುಕೊಂಡ ಮದ್ದು, ಕರ್ನಲಿಗೆ ಒಂದು ಸಾಲು ಕೊಟ್ಟು ‘ತೂಕಡಿಸು, ಮಲಗಬೇಡ’ ಎಂದು ಹೇಳುವುದು. 2017ರ ಮೊದಲ ರೈಜನ್ ಚಿಪ್ಪುಗಳಿಗೂ ಕೆಲಸವಿಲ್ಲದಾಗಲೇ ನಿಲ್ಲುವ ಚಾಳಿ ಇತ್ತು. ದುಡಿಯುವಾಗ ಗಟ್ಟಿ, ಖಾಲಿ ಕೂತಾಗ ಕುಸಿತ. ನಿವೃತ್ತ ಹೆಡ್‌ಮಾಸ್ತರರ ಲಕ್ಷಣ.

ಸುಳಿವೇ ಸಿಗದಿದ್ದಾಗ ಏನು ಮಾಡಬೇಕೆಂಬುದಕ್ಕೆ ಬೀದರ ಮಗ್ಗುಲಿನ ನೌಬಾದಿನ ಸುರಂಗ ಬಾವಿ ನೋಡಿ ಬರಬಹುದು. ಬಹಮನಿಗಳ ಕಾಲದ ಈ ಕಾರೇಜ್ ನೆಲದಡಿ ದೂರದವರೆಗೆ ನೀರು ಹರಿಸುವ ಕಾಲುವೆ. ದಾರಿಯುದ್ದಕ್ಕೂ ಸಾಲಾಗಿ ಗಾಳಿ-ಬೆಳಕಿನ ಬಾವಿಗಳು. ಕೊನೆಯಲ್ಲಿ ನೀರು ನಿಂತರೆ ಇಡೀ ಸುರಂಗ ಅಗೆಯುವುದು ಮೂರ್ಖತನ. ನಡುವಿನ ಬಾವಿಗೆ ಇಣುಕಬೇಕು. ಅಲ್ಲಿ ನೀರಿದ್ದರೆ ಹೂಳು ಕೆಳಗಿನ ಅರ್ಧದಲ್ಲಿ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಲ್ಯಾಪ್‌ಟಾಪಿನಲ್ಲೂ ಹಾಗೇ: ಶುರುವಿನ ಪಟ್ಟಿಯಿಂದ ಹಳೆಯ ಕರ್ನಲ್ ಆರಿಸಿ ಒಂದು ದಿನ ಓಡಿಸಿ. ನಿಲ್ಲದಿದ್ದರೆ ತಪ್ಪು ಹೊಸ ಕರ್ನಲಿನದು. ನಿಂತರೆ ಇನ್ನೊಂದು ಬಾವಿ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಾಲ್ಕು ಕಡೆಯಿಂದ ನಾಲ್ಕು ಸಲಹೆ ತಂದು ಒಂದೇ ಸಂಜೆ ಎಲ್ಲವನ್ನೂ ಒಳಗೆ ಸುರಿದವರಿಗೆ ರೋಗ ವಾಸಿಯಾದರೂ ಯಾವ ಔಷಧದಿಂದ ಎಂದು ತಿಳಿಯುವುದಿಲ್ಲ. ವಾಸಿಯಾಗದಿದ್ದರೆ ಹೊಸ ರೋಗ ಯಾವ ಔಷಧದಿಂದ ಬಂತು ಎಂದೂ ತಿಳಿಯುವುದಿಲ್ಲ. ಇನ್ನು ಕೆಲವು ಹೂಳು ನಿಜವಾಗಿಯೂ ಹೂಳೇ. ಬೀದರ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ಭಾಲ್ಕಿ-ಔರಾದಿನದು ಕಪ್ಪು ಎರೆಭೂಮಿ. ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿ, ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ಬಾಚಣಿಗೆಯಂಥ ರೆಕ್ಕೆಗಳಿಗೂ ನಡುವೆ ಕಂಬಳಿಯ ಹಾಗೆ ಹೆಪ್ಪುಗಟ್ಟಿದ ಧೂಳನ್ನು ಚಿಮಟದಲ್ಲಿ ಎತ್ತಿದರೆ, ಅದರ ಬಣ್ಣದಿಂದಲೇ ಯಂತ್ರ ಯಾವ ತಾಲ್ಲೂಕಿನದೆಂದು ಊಹಿಸಬಹುದು. ಆ ಕಂಬಳಿ ಹೊದ್ದ ಪ್ರೊಸೆಸರ್ ಮೇ ತಿಂಗಳ ಮಧ್ಯಾಹ್ನ ಮೊದಲು ನಿಧಾನಿಸುತ್ತದೆ, ಆಮೇಲೆ ಆರಿಯೇ ಹೋಗುತ್ತದೆ. ಬಿದರಿ ಕುಶಲಿಗರು ಕೋಟೆಯ ಮಣ್ಣನ್ನು ನಾಲಗೆಗೆ ಹಚ್ಚಿ ಅದರ ಗುಣ ಹೇಳುತ್ತಾರೆ. ಇಲ್ಲಿ ಅಷ್ಟು ಶ್ರಮ ಬೇಡ, ಒಂದು ಬ್ರಷ್ ಸಾಕು.

ಕೊನೆಯ ಮತ್ತು ಅತಿ ಗಟ್ಟಿಯಾದ ಆಕ್ಷೇಪ ರಿಪೇರಿ ಅಂಗಡಿಯಿಂದ ಬರುತ್ತದೆ: ‘ಬಿಡ್ರಿ ಕಾಕಾ, ವಿಂಡೋಸ್ ಹೊಡದು ಕೊಡ್ತೀನಿ.’ ಹೊಡೆಯುವುದು ಎಂಬ ಕ್ರಿಯಾಪದವೇ ಎಲ್ಲವನ್ನೂ ಹೇಳುತ್ತದೆ. ಕೆಟ್ಟ ರ‍್ಯಾಮ್ ಕಡ್ಡಿಯ ಮೇಲೆ ಯಾವ ವ್ಯವಸ್ಥೆ ಹೊಡೆದರೂ ಅದು ನಿಲ್ಲುವುದೇ. ಧೂಳಿಗೆ ವಿಂಡೋಸ್-ಲಿನಕ್ಸ್ ಭೇದ ಗೊತ್ತಿಲ್ಲ. ಆದರೂ ಅಂಗಡಿಯವನನ್ನು ನಾನು ಬಯ್ಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ನಾಡಿ ಹಿಡಿದು ‘ಏನೂ ಇಲ್ಲ, ಮಜ್ಜಿಗೆ ಕುಡಿ’ ಎಂದ ಡಾಕ್ಟರಿಗೆ ಯಾರು ಫೀಸು ಕೊಟ್ಟಿದ್ದಾರೆ? ಸೂಜಿ ಚುಚ್ಚಿದರೇ ದುಡ್ಡು. ಒಂದು ರಾತ್ರಿ ಇಡೀ ಮೆಮ್‌ಟೆಸ್ಟ್ ಓಡಿಸಿ ಬೆಳಿಗ್ಗೆ ‘ಈ ಕಡ್ಡಿ ಕೆಟ್ಟಿದೆ’ ಎಂದು ಹೇಳುವ ಕೆಲಸಕ್ಕೆ ಗಿರಾಕಿ ದುಡ್ಡು ಕೊಡುವಂತಾದರೆ ಅಂಗಡಿಯವನೂ ನಾಡಿ ಹಿಡಿಯುವುದನ್ನು ಕಲಿತಾನು. ರಾತ್ರಿಯೆಲ್ಲ ಕರೆಂಟು ಇರಬೇಕು, ಅದು ಬೇರೆ ಮಾತು.

ಅರ್ಜಿ ತುಂಬಲು ಇಂದೇ ಕೊನೇ ದಿನ, ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು, ಪರದೆಯ ನಡುವೆ ಚಕ್ರ ಗರಗರ ತಿರುಗುತ್ತಿದೆ. ಅಂಥ ವಿದ್ಯಾರ್ಥಿಗೆ ದಿನಚರಿ ಓದು, ಬಾವಿಗೆ ಇಣುಕು ಎಂದು ಹೇಳುವಷ್ಟು ಕ್ರೂರಿ ನಾನಲ್ಲ, ಬಟನ್ ಒತ್ತಲಿ. ಒತ್ತುವ ಮೊದಲು ಕ್ಯಾಪ್ಸ್ ಲಾಕಿನ ದೀಪ ನೋಡಲಿ, ಬಾಣ ಅಲ್ಲಾಡುತ್ತದೆಯೇ ನೋಡಲಿ, ಮೂಲೆಯ ಗಡಿಯಾರದಲ್ಲಿ ನಿಮಿಷ ಮುಂದೆ ಹೋಗುತ್ತಿದೆಯೇ ನೋಡಲಿ. ಮೂರೂ ಸರಿಯಿದ್ದರೆ ಲ್ಯಾಪ್‌ಟಾಪ್ ಪಾಪ ಆರೋಗ್ಯವಾಗಿಯೇ ಇದೆ. ನಿಂತಿರುವುದು ನೂರಾರು ಮೈಲಿ ಆಚೆ, ಎಲ್ಲರೂ ಕೊನೇ ದಿನವೇ ಅರ್ಜಿ ಹಾಕಲು ಮುಗಿಬಿದ್ದಿರುವ ಯಾವುದೋ ಸರ್ವರ್. ಅದರ ಪವರ್ ಬಟನ್ ಎಲ್ಲಿದೆ ಎಂಬುದು ಮಾತ್ರ ಔರಾದಿನ ಬಜಾರಿನ ನಾಲ್ಕು ಭಾಷೆಯವರಿಗೂ ಗೊತ್ತಿಲ್ಲ.