ಕ್ಯಾರೆಟ್ ಸಾಹೇಬರು

ಇಂಗ್ಲೆಂಡಿನ ಸಫೋಕ್ ಕಡೆ ಗೋಧಿ ಕಟಾವಾಗಿ ಹೊಲದಲ್ಲಿ ಬರೀ ಕೂಳೆ ಉಳಿದಿರುವಾಗ, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹಾಕಿ ನೋಡಿ. ನಟ್ಟನಡುವೆ ಅರವತ್ತು ದಾಟಿದ ಒಬ್ಬ ಸಾಹೇಬರು ಮಂಡಿಯೂರಿ, ತಾವೇ ತೋಡಿದ ಗುಂಡಿಯೊಳಕ್ಕೆ ತಲೆ ಹಾಕಿಕೊಂಡು ಕೂತಿರುತ್ತಾರೆ. ಕೊರಳಲ್ಲಿ ಹೆಡ್‌ಫೋನ್, ಪಕ್ಕದಲ್ಲಿ ಉದ್ದನೆಯ ಮೆಟಲ್ ಡಿಟೆಕ್ಟರ್, ಕೈಯಲ್ಲಿ ಗೇಣುದ್ದದ ಕಿತ್ತಳೆ ಬಣ್ಣದ ಕಡ್ಡಿ. ಅದೇ ಪಿನ್‌ಪಾಯಿಂಟರ್. ಗ್ಯಾರೆಟ್ ಕಂಪನಿಯ ಈ ಮಾಲಿಗೆ ಅವರ ಬಳಗದಲ್ಲಿ ಕ್ಯಾರೆಟ್ ಎಂದೇ ಹೆಸರು.

ದೊಡ್ಡ ಯಂತ್ರ ನಮ್ಮೂರ ಜೋಯಿಸರಿದ್ದ ಹಾಗೆ. 'ಇಲ್ಲೇ ಎಲ್ಲೋ ಇದೆ' ಅನ್ನುತ್ತದೆ, ಎಲ್ಲಿ ಅಂತ ಬಾಯಿಬಿಡುವುದಿಲ್ಲ. ಕ್ಯಾರೆಟ್ಟಿನದು ಹಾಗಲ್ಲ. ತುದಿ ಲೋಹದಿಂದ ಒಂದೆರಡು ಅಂಗುಲದ ಅಳತೆಗೆ ಬಂತೋ, ಬೀಪ್ ಬೀಪ್ ಶುರು. ಹತ್ತಿರವಾದಷ್ಟೂ ಅವಸರ, ಕೈಯಲ್ಲಿ ಗಡಗಡ ನಡುಕ, ಮುಟ್ಟಿದರೆ ಒಂದೇ ಉಸಿರಿನ ಚೀರಾಟ.

ಸಾಹೇಬರು ಗುಂಡಿಯ ತಳಕ್ಕೆ ಚುಚ್ಚುತ್ತಾರೆ: ಸದ್ದಿಲ್ಲ. ಗೋಡೆಗೆ ಒತ್ತುತ್ತಾರೆ: ಇಲ್ಲ. ಹಾಗಾದರೆ ಅಗೆದುಹಾಕಿದ ಮಣ್ಣಿನಲ್ಲೇ ಇರಬೇಕು. ಹೌದು, ಬೀಪ್! ಹೆಂಟೆಯನ್ನು ಎರಡು ಹೋಳು ಮಾಡಿ, ಕೂಗಿದ ಹೋಳನ್ನು ಇಟ್ಟುಕೊಂಡು ಕೂಗದ್ದನ್ನು ಎಸೆಯುತ್ತಾರೆ. ಮತ್ತೆ ಎರಡು, ಮತ್ತೆ ಎರಡು. ಕೊನೆಗೆ ಅಂಗೈಯಲ್ಲಿ ಉಳಿಯುವುದು ಒಂದು ಚಿಟಿಕೆ ಮಣ್ಣು. ಆಗಲೂ ಬೆರಳಿನಿಂದ ಕೆದಕಲಾರರು. ಕಡ್ಡಿಯನ್ನೇ ಇನ್ನೊಮ್ಮೆ ಕೇಳುತ್ತಾರೆ. ಕಣ್ಣೆದುರು ಫಳಫಳ ಹೊಳೆಯುತ್ತಿದ್ದರೂ ಕ್ಯಾರೆಟ್ ಒಪ್ಪುವತನಕ ಅದು ಲೋಹವಲ್ಲ.

ಆ ಕಡ್ಡಿಗೋ ಕಂಡದ್ದೆಲ್ಲ ಲೋಹವೇ. ಬೂಟಿನ ಮೂತಿಯ ಉಕ್ಕು, ಕರಣೆ, ಸಾಹೇಬರ ಮದುವೆಯ ಉಂಗುರ, ಎಲ್ಲಕ್ಕೂ ಒಂದೇ ಕೂಗು. ಬೂಟು ಬದಲಾಯಿಸಿದ್ದಾರೆ, ಕರಣೆಯನ್ನು ಮಾರು ದೂರ ಇಡುತ್ತಾರೆ. ಉಂಗುರ ತೆಗೆದಿಟ್ಟೇ ಹೊಲಕ್ಕೆ ಬರುವ ಅವರ ರೂಢಿಯ ಬಗ್ಗೆ ಮನೆಯಾಕೆಯ ಅಭಿಪ್ರಾಯ ಬೇರೆಯಿದೆ.

ಇಷ್ಟಕ್ಕೂ ಸಿಗುವುದೇನು? ಬಿಯರ್ ಡಬ್ಬಿಯ ಮುಚ್ಚಳದ ಉಂಗುರ. ನೇಗಿಲು ತರಿದ ಅದೇ ಡಬ್ಬಿಯ ಚೂರು. ತೋಟಾದ ಹಿತ್ತಾಳೆ ಬುಡ. ಯಾರದೋ ಕೋಟಿನ ಗುಂಡಿ. ಎಲ್ಲವೂ ಭಕ್ತಿಯಿಂದ ಸೊಂಟದ ಚೀಲ ಸೇರುತ್ತವೆ. ಗುಂಡಿ ಮುಚ್ಚಿ, ಮೇಲೆ ಎರಡು ಸಲ ತುಳಿದು ಮುಂದಕ್ಕೆ. ವರ್ಷಕ್ಕೊಮ್ಮೆ, ಸುತ್ತಿಗೆಯಿಂದ ಬಡಿದು ಮಾಡಿದ ಹಳೇ ಕಾಲದ ಬೆಳ್ಳಿ ಪೆನ್ನಿಯೊಂದು ಹೊರಬಿದ್ದರೆ ಸಾಹೇಬರು ಒಬ್ಬರೇ ಕುಣಿಯುತ್ತಾರೆ.

ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಹಾಳು ಗುಡಿಗೆ ನುಗ್ಗುವ ನಮ್ಮ ನಿಧಿಗಳ್ಳರಿಗೆ ಇವರನ್ನು ಹೋಲಿಸಿದರೆ ಪಾಪ ಬರುತ್ತದೆ. ಇವರದು ಹಗಲಿನ ಕೆಲಸ, ರೈತನ ಅಪ್ಪಣೆ ಪಡೆದ ಕೆಲಸ. 1996ರ ಟ್ರೆಷರ್ ಕಾಯ್ದೆ ಬಾಯಿಪಾಠ: ನಿಧಿ ಎನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ತಿಳಿಸಲು ತಯಾರಾಗಿಯೇ ಇದ್ದಾರೆ, ಸಿಗಬೇಕಷ್ಟೆ.

ಅವರ ಮಟ್ಟಿಗೆ ಸ್ಥಳಪುರಾಣವೆಂದರೆ ಹಾಕ್ಸ್‌ನ್ ಊರಿನದು. 1992ರಲ್ಲಿ ಅಲ್ಲಿನ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡಲು ಹೋದ ಗೆಳೆಯ ಎರಿಕ್ ಲಾಸ್‌ಗೆ ರೋಮನ್ನರ ಕಾಲದ ಸುಮಾರು 15,000 ನಾಣ್ಯ, ಚಿನ್ನದ ಒಡವೆ, ಬೆಳ್ಳಿ ಚಮಚಗಳು ಸಿಕ್ಕವು. ಬಹುಮಾನ 17.5 ಲಕ್ಷ ಪೌಂಡು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಂ ಪಾಲು.

ಅಂದಿನಿಂದ ಸಾಹೇಬರು ಯಾವ ರೈತನ ಬಾಗಿಲು ತಟ್ಟಿದರೂ ಅಪ್ಪಣೆ ಕೇಳುವ ಮೊದಲು, ಬಲು ವಿನಯದಿಂದ, ಇತ್ತೀಚೆಗೆ ಸುತ್ತಿಗೆ ಏನಾದರೂ ಕಳೆದಿದೆಯೇ ಎಂದು ವಿಚಾರಿಸುತ್ತಾರೆ.