ಕಣ್ಣಾರೆ ಕಂಡವರ ಗಮನಕ್ಕೆ

“ನಾನೇ ಕಣ್ಣಾರೆ ಕಂಡಿದ್ದೀನಿ ಸ್ವಾಮಿ!” ಅಂತ ಮೇಜು ಕುಟ್ಟುವವರು ಎದುರಾದರೆ ಈಚೀಚೆಗೆ ನನಗೆ ನಗು ತಡೆಯುವುದೇ ಕಷ್ಟವಾಗಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂದ ನಮ್ಮ ಹಿರಿಯರು ಕಣ್ಣಿನ ಡಾಕ್ಟರುಗಳೇನೂ ಆಗಿರಲಿಲ್ಲ. ಆದರೂ ವಿಷಯವನ್ನು ಸರಿಯಾಗಿಯೇ ಹಿಡಿದಿದ್ದರು. ತಾವು ಎದುರಿಗಿರುವ ಕಂಬವನ್ನೋ, ಕಾಫಿ ಲೋಟವನ್ನೋ, ಪಕ್ಕದ ಮನೆಯವರ ಹೊಟ್ಟೆಯನ್ನೋ ನೋಡಿ ಇಷ್ಟು ದೂರ, ಇಷ್ಟು ಉಬ್ಬು ಅಂತ ತೀರ್ಪು ಕೊಡುತ್ತೀರಲ್ಲ, ಅದರಲ್ಲಿ ಕಣ್ಣಿನ ಪಾಲು ಉದ್ದ, ಅಗಲ ಎರಡೇ. ಉಬ್ಬು ತಗ್ಗು, ಹತ್ತಿರ ದೂರ ಎಲ್ಲವೂ ತಲೆಯೊಳಗೆ ಕೂತು ಬರೆದ ಅಂದಾಜು ಪಟ್ಟಿ. ಮಂಜೂರಾತಿಗೆ ಮೊದಲೇ ಕೆಲಸ ಶುರುವಾಗಿರುತ್ತದೆ, ಅಷ್ಟೆ.

ಹಂಪಿಗೆ ಹೋದವರು ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯನ್ನು ನೋಡಿರುತ್ತೀರಿ. ಅಲ್ಲಿ ಸಣ್ಣ ಕಿಂಡಿಯಿಂದ ನುಗ್ಗಿದ ಬೆಳಕು ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಎಲ್ಲರೂ “ಅಬ್ಬಾ, ತಲೆಕೆಳಗು!” ಅಂತ ಬೆರಗಾಗಿ, ಮೊಬೈಲಿನಲ್ಲಿ ಹಿಡಿದು, ತುಂಗಭದ್ರೆಯ ಕಡೆ ಹೊರಟುಬಿಡುತ್ತಾರೆ. ಗೋಪುರ ಚಪ್ಪಟೆಯಾಗಿಬಿಟ್ಟಿದೆ ಅನ್ನುವುದರ ಕಡೆಗೆ ಯಾರ ಗಮನವೂ ಇಲ್ಲ. ಅಷ್ಟು ದೊಡ್ಡ ಗೋಪುರದ ಯಾವ ಭಾಗ ಮುಂದೆ, ಯಾವುದು ಹಿಂದೆ ಅನ್ನುವುದಕ್ಕೆ ಗೋಡೆಯ ಮೇಲೆ ಅಳತೆಯಿಲ್ಲ. ನಮ್ಮ ಕಣ್ಣಿನ ಹಿಂಬದಿಯ ಪರದೆಯ ಮೇಲೂ ಬೀಳುವುದು ಇಂಥದ್ದೇ ತಲೆಕೆಳಗಾದ, ಚಪ್ಪಟೆ ಚಿತ್ರ. ಜಗತ್ತು ಒಳಗೆ ಬರುವಾಗ ರೊಟ್ಟಿ, ಅದನ್ನು ಪೂರಿ ಮಾಡಿ ಉಬ್ಬಿಸುವುದು ಮಿದುಳು.

ಇದನ್ನು ಹೇಳಿದರೆ ನಮ್ಮ ಭಾವ ಒಪ್ಪಲಿಲ್ಲ. “ಹೋಗೋ ಮಾರಾಯ, ಎದುರಿಗೆ ಕಾಣ್ತಾ ಇದೆಯಲ್ಲ” ಅಂದರು. “ಹಾಗಿದ್ರೆ ಭಾವ, ಒಂದು ಕಣ್ಣು ಮುಚ್ಚಿಕೊಳ್ಳಿ” ಅಂದು ಪೆನ್ನಿನ ಕ್ಯಾಪನ್ನು ಅವರ ಕೈಗಿತ್ತು, ಪೆನ್ನನ್ನು ಅವರೆದುರು ಕೈಯಳತೆಯಲ್ಲಿ ನೆಟ್ಟಗೆ ಹಿಡಿದೆ. ತಲೆ ಅಲ್ಲಾಡಿಸದೆ ಬದಿಯಿಂದ ತಂದು ಕ್ಯಾಪು ಹಾಕಬೇಕು. ಮೊದಲ ಸಲ ಪೆನ್ನಿನ ಹಿಂದಿನ ಗಾಳಿಗೆ ಕ್ಯಾಪು ಹಾಕಿದರು. ಎರಡನೆಯ ಸಲ ಮುಂದಿನ ಗಾಳಿಗೆ. ಒಳಗಿನಿಂದ ಅಕ್ಕ ಕಿಸಕ್ಕನೆ ನಕ್ಕಳು. ಆಮೇಲೆ ಭಾವ ಮೆಲ್ಲಗೆ ಕತ್ತನ್ನು ಅತ್ತಿತ್ತ ಆಡಿಸಿ, ಟಕ್ ಅಂತ ಕ್ಯಾಪು ಕೂರಿಸಿ ಮೀಸೆ ತಿರುವಿದರು. ಅದು ಮೋಸ ಅಂತ ನಾನು ಕೂಗಾಡಿದೆನಾದರೂ ವಿಜ್ಞಾನ ಅವರ ಪಕ್ಷದಲ್ಲಿತ್ತು. ತಲೆ ಆಡಿಸಿದಾಗ ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಓಡುವ ರೈಲಿನ ಕಿಟಕಿಯಲ್ಲಿ ಕಂಬಗಳು ಹಿಂದಕ್ಕೋಡಿ, ಚಂದ್ರ ಮಾತ್ರ ನಮ್ಮ ಜೊತೆಗೇ ಬರುವುದೂ ಇದರಿಂದಲೇ. ಮಿಡತೆ ಕೂಡ ಎದುರಿನ ಕಡ್ಡಿಗೆ ಹಾರುವ ಮುಂಚೆ ಮೈಯನ್ನು ಎಡಕ್ಕೂ ಬಲಕ್ಕೂ ತೂಗಿ ದೂರ ಅಳೆಯುತ್ತದೆ. ಭಾವನಿಗೆ ಈ ಕೊನೆಯ ಮಾತನ್ನು ಹೇಳಲಿಲ್ಲ, ಸಂಬಂಧ ಉಳಿಯಬೇಕಲ್ಲ.

ಇನ್ನು ಎರಡು ಕಣ್ಣಿನ ಕಥೆ. ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ 6 ಸೆಂಟಿಮೀಟರ್. ಅಂದರೆ ಎರಡೂ ನೋಡುವುದು ಒಂಚೂರು ಬೇರೆ ಬೇರೆ ಚಿತ್ರ. ಈ ವ್ಯತ್ಯಾಸವನ್ನೇ ಮಿದುಳು ಆಳ ಎಂದು ಓದಿಕೊಳ್ಳುತ್ತದೆ ಅನ್ನುವುದನ್ನು ಮನುಷ್ಯ ಕಂಡುಕೊಂಡದ್ದು ಯಾವಾಗ ಗೊತ್ತೇ? 1838ರಲ್ಲಿ! ಅಷ್ಟು ಸಾವಿರ ವರ್ಷ ಇಡೀ ಮನುಕುಲ ಮೂಗಿನ ಎರಡೂ ಬದಿಗೆ ಒಂದೊಂದು ಕಣ್ಣಿಟ್ಟುಕೊಂಡು, ಅವು ಏಕೆ ಎರಡಿವೆ ಅಂತ ಸರಿಯಾಗಿ ವಿಚಾರಿಸದೆ ಓಡಾಡಿತು. ವಿಚಾರಿಸಿದವನು ಚಾರ್ಲ್ಸ್ ವೀಟ್‌ಸ್ಟನ್ ಎಂಬ ಇಂಗ್ಲಿಷ್ ಮಹಾಶಯ. ವಾದ್ಯ ಮಾಡುವವರ ಮನೆತನದವನು, ಕನ್ಸರ್ಟೀನಾ ಎಂಬ ಕೈತಿದಿ ವಾದ್ಯವನ್ನು ಹುಟ್ಟುಹಾಕಿದವನು. ಒಂದೇ ಘನಾಕೃತಿಯನ್ನು ಎಡಗಣ್ಣಿಗೆ ಕಂಡಂತೆ ಒಂದು, ಬಲಗಣ್ಣಿಗೆ ಕಂಡಂತೆ ಒಂದು ಗೆರೆಚಿತ್ರ ಬರೆದು, ಎರಡು ಕನ್ನಡಿಗಳ ಮೂಲಕ ಆಯಾ ಕಣ್ಣಿಗೆ ಆಯಾ ಚಿತ್ರವನ್ನು ಉಣಿಸಿದ. ಕಾಗದದ ಗೆರೆಗಳು ಎದ್ದು ಪೆಟ್ಟಿಗೆಯಾಗಿ ನಿಂತವು. ಬಣ್ಣ ಇಲ್ಲ, ನೆರಳಿಲ್ಲ, ಬರೀ ಗೆರೆ. ಇವತ್ತು ಥಿಯೇಟರಿನಲ್ಲಿ ತ್ರೀಡಿ ಕನ್ನಡಕ ಹಾಕಿಕೊಂಡು, ಹಾರಿಬಂದ ಬಾಣಕ್ಕೆ ತಲೆ ತಗ್ಗಿಸಿ ಪಾಪ್‌ಕಾರ್ನ್ ಚೆಲ್ಲುತ್ತೇವಲ್ಲ, ಅದಕ್ಕೆಲ್ಲ ಮೂಲಪುರುಷ ಈತ. ನಮ್ಮ ದೇಶದ ಸಿನಿಮಾಗಳಲ್ಲಿ ಆ ಚೆಲ್ಲಾಟ ಶುರುವಾದದ್ದು 1984ರಲ್ಲಿ, ಮಲಯಾಳಂನ ‘ಮೈ ಡಿಯರ್ ಕುಟ್ಟಿಚಾತ್ತನ್’ ಚಿತ್ರದಿಂದ.

ಮಹಾಜಾಣ ಲಿಯೊನಾರ್ಡೊ ಡಾ ವಿಂಚಿ ಎರಡು ಕಣ್ಣಿನ ಈ ಗುಟ್ಟಿನ ಹೊಸಿಲವರೆಗೆ ಬಂದು ವಾಪಸಾಗಿದ್ದ. ವೀಟ್‌ಸ್ಟನ್ನನೇ ಅದನ್ನು ಚೆನ್ನಾಗಿ ಗುರುತಿಸಿದ್ದಾನೆ: ಲಿಯೊನಾರ್ಡೊ ಉದಾಹರಣೆಗೆ ಚೆಂಡನ್ನು ತೆಗೆದುಕೊಂಡ. ಚೆಂಡಿನ ಆಕಾರ ಎರಡು ಕಣ್ಣಿಗೂ ಒಂದೇ ಥರ ದುಂಡಗೆ. ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದರೆ ಮುನ್ನೂರು ವರ್ಷ ಮೊದಲೇ ಕೆಲಸ ಮುಗಿಯುತ್ತಿತ್ತು.

ಎರಡು ಕಣ್ಣಿನ ಈ ಲೆಕ್ಕ ಇಲ್ಲದವರ ಗತಿ? ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿಯವರನ್ನು ನೆನೆಯಿರಿ. 1961ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಅದೇ ಡಿಸೆಂಬರಿನಲ್ಲಿ ಅವರು ಟೆಸ್ಟ್ ಆಡಿದರು. ಚೆಂಡು ಎರಡೆರಡಾಗಿ ಕಾಣುತ್ತಿದ್ದುದರಿಂದ ಟೋಪಿಯನ್ನು ಬಲಗಣ್ಣು ಮುಚ್ಚುವಂತೆ ಎಳೆದುಕೊಂಡು, ಒಂದೇ ಕಣ್ಣಿನಲ್ಲಿ ವೇಗದ ಬೌಲರುಗಳನ್ನು ಎದುರಿಸಿ ಆರು ಟೆಸ್ಟ್ ಶತಕ ಹೊಡೆದರು. ಎರಡು ಕಣ್ಣಿಟ್ಟುಕೊಂಡು ಗಲ್ಲಿ ಕ್ರಿಕೆಟ್ಟಿನಲ್ಲಿ ಸೊನ್ನೆಗೆ ಔಟಾಗಿ “ಬೆಳಕು ಸರಿ ಇರಲಿಲ್ಲ” ಅನ್ನುವವರು ದಯವಿಟ್ಟು ಈ ಪ್ಯಾರಾವನ್ನು ಮತ್ತೊಮ್ಮೆ ಓದುವುದು.

ಇದಕ್ಕೆ ತದ್ವಿರುದ್ಧ ಅಮೆರಿಕದ ಸೂಸನ್ ಬ್ಯಾರಿ ಅವರದು. ಎಳವೆಯಿಂದಲೇ ಮೆಳ್ಳೆಗಣ್ಣು. ಎರಡು ಕಣ್ಣಿನ ಚಿತ್ರಗಳು ಒಂದಾಗುತ್ತಿರಲಿಲ್ಲ. ಆಕೆ ಸ್ವತಃ ನರವಿಜ್ಞಾನಿ, ಎರಡೂ ಕಣ್ಣು ಕೂಡಿದ ನೋಟ ಹೇಗಿರುತ್ತದೆ ಅಂತ ಪುಸ್ತಕದಿಂದ ಬಲ್ಲವರು. ವೈದ್ಯಲೇಖಕ ಆಲಿವರ್ ಸ್ಯಾಕ್ಸ್ ಕೇಳಿದಾಗ, ಊಹಿಸಿಕೊಳ್ಳಬಲ್ಲೆ ಅಂದಿದ್ದರು. ಐವತ್ತರ ಹತ್ತಿರ ಕಣ್ಣಿನ ತರಬೇತಿ ಪಡೆದು, ಒಂದು ದಿನ ಕಾರಿನಲ್ಲಿ ಕೂತರೆ, ಸ್ಟಿಯರಿಂಗ್ ಚಕ್ರ ಮುಂದಕ್ಕೆ ಎದ್ದುಬಂದು ಗಾಳಿಯಲ್ಲಿ ನಿಂತಿದೆ! ಮೊದಲೆಲ್ಲ ಹಿಮ ಬಿದ್ದರೆ ಎದುರಿಗೆ ಪರದೆ ಎಳೆದಂತೆ ಕಾಣುತ್ತಿತ್ತು. ಈಗ ಸುತ್ತಲೂ ಒಂದೊಂದು ಹಳುಕೂ ತನ್ನದೇ ಜಾಗದಲ್ಲಿ ಇಳಿಯುತ್ತಿದೆ, ತಾನು ಅದರ ನಡುವೆ ಇದ್ದೇನೆ. ಊಹಿಸಿದ್ದು ಇದಾಗಿರಲಿಲ್ಲ ಅಂತ ಆಕೆಗೆ ಆಗ ಗೊತ್ತಾಯಿತಂತೆ. ನಮಗೆ ಹುಟ್ಟಿನಿಂದ ಪುಕ್ಕಟೆ ಬಂದ ಈ ವೈಭವವನ್ನು ನಾವು ಬಳಸುವುದು ಸೂಜಿಗೆ ದಾರ ಪೋಣಿಸಲು, ಪಕ್ಕದ ಎಲೆಯ ಹೋಳಿಗೆ ದಪ್ಪವೋ ನಮ್ಮದು ದಪ್ಪವೋ ನೋಡಲು.

ದೂರ ಹೆಚ್ಚಾದಷ್ಟೂ ಎರಡು ಕಣ್ಣಿನ ಲೆಕ್ಕ ಬೇಗ ಸೊರಗುತ್ತದೆ. ಆಗ ಮಿದುಳು ಬೇರೆ ಸಾಕ್ಷಿಗಳನ್ನು ಕರೆಸುತ್ತದೆ: ಮರೆಮಾಡಿದ್ದು ಮುಂದಿನದು, ಮಸುಕಾದ ಗುಡ್ಡ ಹಿಂದಿನದು, ಬೆಳಕು ಯಾವಾಗಲೂ ಮೇಲಿನಿಂದಲೇ ಬೀಳುತ್ತದೆ. ಈ ಕೊನೆಯ ಸಾಕ್ಷಿಯ ಬಗ್ಗೆ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಸೊಗಸಾಗಿ ಬರೆದರು. ನಂಬಿಕೆ ಬರದಿದ್ದರೆ ಅಡುಗೆಮನೆಯ ಪಡ್ಡಿನ ಹಂಚು ತನ್ನಿ. ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವಂತೆ ಇಟ್ಟು, ಕಿಟಕಿಯ ದಿಕ್ಕು ಚಿತ್ರದ ಮೇಲ್ಗಡೆ ಬರುವಂತೆ ಫೋಟೊ ತೆಗೆಯಿರಿ. ಈಗ ಮೊಬೈಲನ್ನು ತಲೆಕೆಳಗು ಮಾಡಿ (ಚಿತ್ರ ತಾನೂ ತಿರುಗದಂತೆ ಮೊದಲೇ ಲಾಕ್ ಮಾಡಿರಬೇಕು). ಗುಳಿಗಳು ಉಬ್ಬಾಗುತ್ತವೆ. ಹಿಟ್ಟು ಹುಯ್ಯದೆಯೇ ಪಡ್ಡು ತಯಾರು! ಚಂದ್ರನ ಕುಳಿಗಳ ಚಿತ್ರದಲ್ಲೂ ಹೀಗೇ ಆಗುತ್ತದೆ, ತಿರುಗಿಸಿದರೆ ಕುಳಿಯೆಲ್ಲ ಗುಡ್ಡ.

ಚಂದ್ರ ಅಂದಕೂಡಲೇ ಬೆಂಗಳೂರಿನ ರಸ್ತೆ ನೆನಪಾಗುವುದು ಸಹಜ. 2019ರಲ್ಲಿ, ಚಂದ್ರಯಾನ-2 ಇಳಿಯಬೇಕಿದ್ದ ಹೊತ್ತಿಗೆ, ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ವಿಡಿಯೊ ಬಿಟ್ಟರು. ಗಗನಯಾತ್ರಿಯ ಉಡುಪಿನವನೊಬ್ಬ ಕುಳಿಗಳ ನಡುವೆ ಮೆಲ್ಲಗೆ ತೇಲಿದಂತೆ ನಡೆಯುತ್ತಾನೆ. ರಾತ್ರಿಯ ಓರೆ ಬೆಳಕು, ಕಪ್ಪು ನೆರಳು, ಅಳತೆಗೆ ಸಿಗುವ ಪರಿಚಿತ ವಸ್ತು ಒಂದೂ ಇಲ್ಲ. ಮಿದುಳು ತಕರಾರಿಲ್ಲದೆ “ಚಂದ್ರ” ಅಂತ ಸಹಿ ಹಾಕುತ್ತದೆ. ಅಷ್ಟರಲ್ಲಿ ಪಕ್ಕದಲ್ಲೊಂದು ಆಟೊ ಹಾದುಹೋಗುತ್ತದೆ. ಅದರ ಗಾತ್ರ ನಮಗೆ ಗೊತ್ತಲ್ಲ, ತಕ್ಷಣ ಚಂದ್ರಲೋಕ ಕುಸಿದು ರಸ್ತೆಗುಂಡಿಯಾಗುತ್ತದೆ. ಆಳದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ನೋಡಿಲ್ಲ.

ಗುಂಡಿಗೆ ನೀರು ತುಂಬಿದರೆ ಕಥೆಯೇ ಬೇರೆ. ಕೆಸರು ನೀರಾದರೆ ಆಳದ ಸುಳಿವೇ ಇಲ್ಲ. ತಿಳಿನೀರು ಇನ್ನೂ ಕಿಲಾಡಿ: ಬೆಳಕು ಬಾಗುವುದರಿಂದ 8 ಅಡಿ ಆಳದ ಕಲ್ಯಾಣಿ ಮೇಲಿಂದ ನೇರ ನೋಡಿದರೆ 6 ಅಡಿ ಅನ್ನಿಸುತ್ತದೆ, ಓರೆಯಾಗಿ ನೋಡಿದರೆ ಅದಕ್ಕಿಂತಲೂ ಕಡಿಮೆ. ತಮಾಷೆ ಪಕ್ಕಕ್ಕಿಟ್ಟು ಹೇಳುತ್ತೇನೆ, ಈಜು ಬಾರದ ಹುಡುಗರು ನೀರಿನ ಆಳವನ್ನು ದಡದಲ್ಲಿ ನಿಂತು ಅಳೆಯಬಾರದು.

ಕೊನೆಯದಾಗಿ ರಸ್ತೆಗೆ ಹಂಪ್ ಹಾಕಿಸುವ ಮಹನೀಯರಲ್ಲಿ ಒಂದು ಅರಿಕೆ. ಕಪ್ಪು ರಸ್ತೆಯ ಮೇಲೆ ಕಪ್ಪು ಹಂಪ್, ನೆತ್ತಿಯ ಮೇಲೆ ಸೂರ್ಯ, ನೆರಳಿಲ್ಲ, ಗೆರೆಯಿಲ್ಲ. ಹೊಂದಿಸಿ ನೋಡಲು ಗುರುತೇ ಇಲ್ಲದ ಕಡೆ ಎರಡು ಕಣ್ಣಿನ ಲೆಕ್ಕವೂ ನಡೆಯುವುದಿಲ್ಲ, ಮಿದುಳಿನ ಅಂದಾಜೂ ನಡೆಯುವುದಿಲ್ಲ. ಅದು ಉಬ್ಬು ಅಂತ ಮೊದಲು ತಿಳಿಯುವುದು ಸ್ಕೂಟರಿನ ಹಿಂದೆ ಕೂತವರ ಸೊಂಟಕ್ಕೆ. ಆದ್ದರಿಂದ ಹಂಪ್ ಹಾಕಿದ ದಿನವೇ, ಬಿಲ್ ಪಾಸಾಗುವ ಮುಂಚೆ, ಅದಕ್ಕೆ ನಾಲ್ಕು ಬಿಳಿ ಪಟ್ಟೆ ಬಳಿಸಿಬಿಡಿ.